ಕಾಡತೂಸಿನ ಹೆಗಲು

ಕೆನೆತ್ ಆಂಡರ್ಸನ್ ಬರೆದ ಬೇಟೆಯ ಕಥೆಗಳನ್ನು ಓದದ ಕನ್ನಡಿಗರು ಕಡಿಮೆ. ಇಂಗ್ಲಿಷಿನಲ್ಲಿ ಓದದವರು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದುಕೊಟ್ಟ ಪುಸ್ತಕಗಳಲ್ಲಿ ಓದಿದ್ದಾರೆ. ಊರು ಬಿಟ್ಟು ದೂರದ ನಗರಗಳಲ್ಲಿ ಸಂಸಾರ ಹೂಡಿರುವ ನಮ್ಮಂಥವರಿಗೆ ಆ ಕಥೆಗಳಲ್ಲಿ ಬರುವ ಕಾಡು, ಹಳ್ಳ, ಬಿದಿರುಮೆಳೆಗಳೆಂದರೆ ತವರಿನ ಗಾಳಿ ಬೀಸಿದಂತೆ. ಆ ಪುಸ್ತಕಗಳಲ್ಲಿ ಆಂಡರ್ಸನ್ನರ ಜೊತೆಗಾರನಾಗಿ ಮತ್ತೆ ಮತ್ತೆ ಬರುವುದು .405 ವಿಂಚೆಸ್ಟರ್ ರೈಫಲ್. ಜಿಮ್ ಕಾರ್ಬೆಟ್ಟರ ಕಥೆಗಳಲ್ಲಿ ಬರುವುದು .275 ರಿಗ್ಬಿ. ನಮ್ಮ ಮನೆಯ ಹುಡುಗರು ಈ ಸಂಖ್ಯೆಗಳೆಂದರೇನು, ಇವುಗಳಲ್ಲಿ ವ್ಯತ್ಯಾಸವೇನು ಎಂದು ಕೇಳಿದಾಗ ನಾವು ಉತ್ತರ ಹುಡುಕಹೊರಟೆವು. ಆ ಹುಡುಕಾಟ ನಮ್ಮನ್ನು ಅಮೆರಿಕದ ಸಣ್ಣಪುಟ್ಟ ಊರುಗಳ ಕೋವಿ ಕೆಲಸಗಾರರ ಕೊಟ್ಟಿಗೆಗಳವರೆಗೂ ಕರೆದೊಯ್ದಿತು. ಅಲ್ಲಿ ಕಂಡ ಒಂದು ಸ್ವಾರಸ್ಯಕರ ಚರಿತ್ರೆಯನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಾಡತೂಸಿನ ಪರಿಚಯ ಮಾಡಿಕೊಳ್ಳೋಣ. ಅದು ಹಿತ್ತಾಳೆಯ ಒಂದು ಪುಟ್ಟ ಪಾತ್ರೆ. ಬುಡದಲ್ಲಿ ಕಿಡಿ ಹೊತ್ತಿಸುವ ಕೇಪು, ಒಡಲಲ್ಲಿ ಮದ್ದು, ಬಾಯಲ್ಲಿ ಕಚ್ಚಿಕೊಂಡ ಗುಂಡು. ಆಂಡರ್ಸನ್ನರ .405ರ ಕವಚ ನೆಟ್ಟಗಿನ ಕೊಳವೆ. ಒಡಲೂ ಬಾಯಿಯೂ ಹೆಚ್ಚುಕಡಿಮೆ ಒಂದೇ ಅಗಲ. ಕಾರ್ಬೆಟ್ಟರ .275ರ ಕವಚವಾದರೋ ಸೀಸೆಯಂತೆ: ಅಗಲವಾದ ಒಡಲು, ಕಿರಿದಾದ ಕುತ್ತಿಗೆ. ಇವೆರಡನ್ನೂ ಕೂಡಿಸುವ ಇಳಿಜಾರು ಭಾಗವನ್ನು ಬಲ್ಲವರು ‘ಹೆಗಲು’ ಎನ್ನುತ್ತಾರೆ. ನಮ್ಮ ಅಡಿಗೆಮನೆಯ ಪಾತ್ರೆಗಳನ್ನೇ ನೋಡಿ. ಹೂಜಿಯ ಹೆಗಲು ಮೆಲ್ಲನೆ ಇಳಿಯುತ್ತದೆ. ನೀರು ಹೊರುವ ಕೊಡದ ಹೆಗಲು ಚಪ್ಪಟೆಯಾಗಿ ನಿಲ್ಲುತ್ತದೆ. ಕಾಡತೂಸಿನಲ್ಲಿ ಈ ಇಳಿಜಾರನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಡಿಗ್ರಿ ಕಡಿಮೆಯಾದಷ್ಟೂ ಹೂಜಿ, ಹೆಚ್ಚಾದಷ್ಟೂ ಕೊಡ. ಹೂಜಿಯನ್ನು ಕೊಡವಾಗಿ ಬಡಿದರೆ ಏನು ಲಾಭ, ಏನು ನಷ್ಟ ಎಂಬ ಒಂದೇ ಪ್ರಶ್ನೆಯ ಸುತ್ತ ಅಮೆರಿಕದಲ್ಲಿ ಹಲವು ದಶಕಗಳ ಕಾಲ ಪ್ರಯೋಗ ನಡೆಯಿತು, ಜಗಳವೂ ನಡೆಯಿತು.

ಹೆಗಲು ಹುಟ್ಟಿದ ಬಗೆ

ಕರಿಮದ್ದಿನ ಕಾಲದಲ್ಲಿಯೂ ಹೆಗಲಿದ್ದ ಕಾಡತೂಸುಗಳು ಇದ್ದವು. ಬ್ರಿಟಿಷ್ ಸೈನ್ಯವು 1871ರಲ್ಲಿ ತಂದ ಮಾರ್ಟಿನಿ-ಹೆನ್ರಿ ಕೋವಿಯದು .577 ಇಂಚಿನ ಒಡಲಿಗೆ .450 ಇಂಚಿನ ಬಾಯಿ. ಆದರೆ ಹೆಗಲಿಗೆ ನಿಜವಾದ ಮಹತ್ವ ಬಂದದ್ದು ಹೊಗೆಯಿಲ್ಲದ ಮದ್ದು ಬಂದ ಮೇಲೆ. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಅದನ್ನು ಸಿದ್ಧಪಡಿಸಿದ. ಅದರ ಶಕ್ತಿಯಿಂದ ಸಣ್ಣ ಗುಂಡನ್ನು ಹಿಂದೆಂದೂ ಕಾಣದ ವೇಗದಲ್ಲಿ ಹಾರಿಸುವುದು ಸಾಧ್ಯವಾಯಿತು. 1886ರಲ್ಲಿ ಫ್ರೆಂಚರು 11 ಮಿ.ಮೀ. ಗ್ರಾ ಕಾಡತೂಸಿನ ಕವಚದ ಬಾಯನ್ನು 8 ಮಿ.ಮೀ.ಗೆ ಕಿರಿದುಗೊಳಿಸಿ ಲೆಬೆಲ್ ರೈಫಲ್ಲಿಗೆ ಕಾಡತೂಸು ಮಾಡಿದರು. ಹಳೆಯ ಪಾತ್ರೆಯನ್ನು ಬಡಿದು ಹೊಸದು ಮಾಡುವ ಕೆಲಸ ಹೀಗೆ ಸರ್ಕಾರದ ಕಾರ್ಖಾನೆಯಲ್ಲಿಯೇ ಆರಂಭವಾಯಿತೆಂಬುದನ್ನು ಗಮನಿಸಬೇಕು.

ಹೆಗಲಿನ ಕೆಲಸ ಎರಡು. ಸಣ್ಣ ಗುಂಡಿನ ಹಿಂದೆ ಹೆಚ್ಚು ಮದ್ದು ಹಿಡಿಸುವುದು ಒಂದು. ಎರಡನೆಯದು ಅದಕ್ಕಿಂತ ಮುಖ್ಯ. ಕೋವಿಯಲ್ಲಿ ಕಾಡತೂಸು ಕೂಡುವ ಗೂಡಿಗೆ ಚೇಂಬರು ಎನ್ನುತ್ತಾರೆ. ಕಾಡತೂಸು ಅದರೊಳಗೆ ಎಷ್ಟು ಮುಂದಕ್ಕೆ ಹೋಗಿ ನಿಲ್ಲಬೇಕು ಎಂಬುದಕ್ಕೆ ಒಂದು ತಡೆ ಬೇಕು. .405, .303 ಮುಂತಾದವುಗಳಲ್ಲಿ ಬುಡದ ಅಗಲವಾದ ಅಂಚೇ ಆ ತಡೆ. ಅಂತಹ ಅಂಚಿಲ್ಲದ .275, .30-06 ಮುಂತಾದವುಗಳಲ್ಲಿ ಹೆಗಲೇ ಚೇಂಬರಿನ ಗೋಡೆಗೆ ಒರಗಿ ತಡೆಯಾಗುತ್ತದೆ. ಈ ಒರಗುವಿಕೆಯಲ್ಲಿ ಇಂಚಿನ ಸಾವಿರದ ಕೆಲವು ಅಂಶಗಳಷ್ಟು ಹೆಚ್ಚಿನ ಸಡಿಲವಿದ್ದರೂ ಕವಚ ಎಳೆದು ಬುಡದ ಬಳಿ ಹರಿಯಬಹುದು. ಒಳಗಿನ ಬಿಸಿ ಅನಿಲ ಗುರಿಕಾರನ ಮುಖದ ಕಡೆಗೇ ನುಗ್ಗಬಹುದು. ಹೆಗಲಿನ ಮಾತು ಬರಿಯ ಅಂದಚೆಂದದ ಮಾತಲ್ಲ, ಕಣ್ಣು ಕೈಗಳ ಮಾತು.

ಸೆಕೆ ನಾಡಿನ ಹೆಗಲು

ಇಂಗ್ಲೆಂಡಿನ ಕೋವಿ ತಯಾರಕರಿಗೆ ದೊಡ್ಡ ಗಿರಾಕಿಗಳಿದ್ದದ್ದು ಭಾರತದಲ್ಲಿ, ಆಫ್ರಿಕದಲ್ಲಿ. ಅವರು ಬಳಸುತ್ತಿದ್ದ ಮದ್ದು ಕಾರ್ಡೈಟ್. ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ 20ನೆಯ ಶತಮಾನದ ಆರಂಭದಲ್ಲಿ ಸ್ಥಾಪನೆಯಾದ ಕಾರ್ಖಾನೆ ಇದೇ ಮದ್ದಿನಿಂದ ತನ್ನ ಹೆಸರು ಪಡೆಯಿತು. ಕಾರ್ಡೈಟ್ ಶ್ಯಾವಿಗೆಯ ಎಳೆಗಳಂತೆ ಉದ್ದವಾಗಿರುತ್ತದೆ. .303 ಕಾಡತೂಸು ಮಾಡುವಾಗ ಕವಚ ನೆಟ್ಟಗಿರುವಾಗಲೇ ಎಳೆಗಳ ಕಟ್ಟನ್ನು ಇಳಿಸಿ, ಆಮೇಲೆ ಕುತ್ತಿಗೆಯನ್ನು ಹಿಚುಕುತ್ತಿದ್ದರು. ಕಾರ್ಡೈಟಿನ ಇನ್ನೊಂದು ಗುಣವೆಂದರೆ ಬಿಸಿಲಿನ ತಾಪಕ್ಕೆ ಅದರ ಒತ್ತಡ ಏರುತ್ತದೆ. ವೈಶಾಖದ ಬಿಸಿಲಿನಲ್ಲಿ ಕಾದ ಕವಚ ಚೇಂಬರಿಗೆ ಅಂಟಿಕೊಂಡು ಹೊರಬರದೆ ಹೋದರೆ, ಎದುರಿಗೆ ಗಾಯಗೊಂಡ ಹುಲಿ ಇರುವಾಗ, ಬೇಟೆಗಾರನ ಗತಿಯೇನು? ಅದಕ್ಕಾಗಿ ಇಂಗ್ಲಿಷರ ಹಲವು ಪ್ರಸಿದ್ಧ ಕವಚಗಳು ದೊಡ್ಡ ಒಡಲಿನವು, ಕಡಿಮೆ ಒತ್ತಡದವು, ಬುಡದಿಂದ ಬಾಯಿಯತ್ತ ಮೊಟಕಾಗುತ್ತಾ ಹೋಗುವಂಥವು. 1912ರ .375 ಹಾಲೆಂಡ್ ಅಂಡ್ ಹಾಲೆಂಡಿನ ಹೆಗಲು 15 ಡಿಗ್ರಿ, 1925ರ.300ರದು ಬರಿಯ ಎಂಟೂವರೆ ಡಿಗ್ರಿ. ಇಷ್ಟು ಜಾರುವ ಹೆಗಲನ್ನು ತಡೆಯಾಗಿ ನಂಬುವಂತಿಲ್ಲವೆಂದು ಬುಡದ ಬಳಿ ಒಂದು ಹಿತ್ತಾಳೆಯ ಪಟ್ಟಿ ಬಿಟ್ಟರು.

ಎಲ್ಲ ಇಂಗ್ಲಿಷ್ ಕವಚಗಳೂ ಹೂಜಿಗಳೆಂದು ತಿಳಿಯಬಾರದು. 1911ರಲ್ಲಿ ಲಂಡನ್ನಿನ ರಿಗ್ಬಿ ಸಂಸ್ಥೆ ತಂದ .416ರ ಹೆಗಲು 45 ಡಿಗ್ರಿ! ಇನ್ನೊಂದು ಪ್ರಸಂಗ ನಮ್ಮ ದೇಶಕ್ಕೇ ಸೇರಿದ್ದು. ದಂಗೆಕೋರರ ಕೈಯಲ್ಲಿದ್ದ ಹಳೆಯ ಮಾರ್ಟಿನಿ ಕೋವಿಗಳಿಗೆ ಗುಂಡು ದೊರೆಯಬಾರದೆಂದು ಬ್ರಿಟಿಷ್ ಸರ್ಕಾರ 1907ರಲ್ಲಿ .450 ಬೋರಿನ ರೈಫಲ್‌ಗಳನ್ನು ಭಾರತಕ್ಕೂ ಸೂಡಾನಿಗೂ ತರಕೂಡದೆಂದು ನಿಷೇಧಿಸಿತು. ಆನೆ ಬೇಟೆಯ ದೊರೆಗಳ ಅಚ್ಚುಮೆಚ್ಚಿನ ಬೋರೇ ಅದು. ಆಗ ಹಾಲೆಂಡ್ ಅಂಡ್ ಹಾಲೆಂಡಿನವರು .500 ಇಂಚಿನ ಕವಚದ ಬಾಯನ್ನು ಕಿರಿದುಗೊಳಿಸಿ .465 ಮಾಡಿ ಮಾರಿದರು. ಸರ್ಕಾರದ ಒಂದು ಆಜ್ಞೆಗೆ ಕವಚದ ಹೆಗಲಿನಲ್ಲಿ ಉತ್ತರ ಸಿಕ್ಕಿತು.

ಕಾಡುಬೆಕ್ಕುಗಳ ಹಾವಳಿ

ಇಂಗ್ಲೆಂಡಿನಲ್ಲಿ ದೊಡ್ಡ ಸಂಸ್ಥೆಗಳು ಮಾಡಿದ ಈ ಕೆಲಸವನ್ನು ಅಮೆರಿಕದಲ್ಲಿ ಸಾಮಾನ್ಯರು ಕೈಗೆತ್ತಿಕೊಂಡರು. ಯಾವ ಕಾರ್ಖಾನೆಯೂ ಮಾಡದ, ಹವ್ಯಾಸಿಗಳೇ ಇದ್ದ ಕವಚವನ್ನು ತಿದ್ದಿ ಮಾಡಿಕೊಂಡ ಕಾಡತೂಸಿಗೆ ಅಲ್ಲಿ ‘ವೈಲ್ಡ್‌ಕ್ಯಾಟ್’, ಅಂದರೆ ಕಾಡುಬೆಕ್ಕು, ಎಂದು ಹೆಸರು. ಯಾರೂ ಸಾಕದ, ಯಾರ ಅಂಕೆಗೂ ಸಿಗದ ಪ್ರಾಣಿ ಎಂಬ ಅರ್ಥದಲ್ಲಿ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. 1906ರಲ್ಲಿ ಅಮೆರಿಕದ ಸೈನ್ಯ .30-06 ಕಾಡತೂಸನ್ನು ತಂದ ಮೇಲೆ ಗಟ್ಟಿಯಾದ ಹಿತ್ತಾಳೆಯ ಕವಚಗಳು ಯಥೇಚ್ಛವಾಗಿ ದೊರೆತವು. ಅದರ ಹೆಗಲು ಹದಿನೇಳೂವರೆ ಡಿಗ್ರಿ. ಬಫಲೋ ನಗರದ ವಕೀಲ ಚಾರ್ಲ್ಸ್ ನ್ಯೂಟನ್, ಕೋವಿ ಕೆಲಸಗಾರ ಅಡಾಲ್ಫ್ ನೀಡ್ನರ್ ಮೊದಲಾದವರು ಅದರ ಬಾಯನ್ನು .25 ಇಂಚಿಗೆ ಇಳಿಸಿ ನೋಡಿದರು. ನೀಡ್ನರ್ 1920ರ ಸುಮಾರಿಗೆ ರೂಪಿಸಿದ .25-06 ಕಾಡುಬೆಕ್ಕನ್ನು ರೆಮಿಂಗ್ಟನ್ ಸಂಸ್ಥೆ ಮನೆಬೆಕ್ಕಾಗಿ ಸ್ವೀಕರಿಸಿದ್ದು 1969ರಲ್ಲಿ. ನೆಡ್ ರಾಬರ್ಟ್ಸ್ ಎಂಬಾತ 7 ಮಿ.ಮೀ. ಮೌಸರ್ ಕವಚವನ್ನು ತಿದ್ದಿ ಮಾಡಿದ ಕಾಡತೂಸು 1934ರಲ್ಲಿ .257 ರಾಬರ್ಟ್ಸ್ ಎಂಬ ಹೆಸರಿನಿಂದ ಅಂಗಡಿಗೆ ಬಂತು. ನಮ್ಮ ಕಾರ್ಬೆಟ್ಟರ .275 ರಿಗ್ಬಿ ಎಂದರೂ ಇದೇ 7 ಮಿ.ಮೀ. ಮೌಸರ್, ಹೆಸರು ಮಾತ್ರ ಇಂಗ್ಲಿಷರು ಇಟ್ಟದ್ದು.

ಇವರೆಲ್ಲ ಮಾಡಿದ್ದು ಬಾಯಿ ಕಿರಿದುಗೊಳಿಸುವ ಕೆಲಸ. ಬಾಯನ್ನು ಹಾಗೆಯೇ ಬಿಟ್ಟು ಹೆಗಲನ್ನು ಮಾತ್ರ ಎತ್ತಿ ನಿಲ್ಲಿಸುವುದು ಎರಡನೆಯ ಬಗೆ. ಇದರ ಒಂದು ಪ್ರಸಿದ್ಧ ಉದಾಹರಣೆ 1940ರಲ್ಲಿ ಲೈಸ್ಲ್ ಕಿಲ್‌ಬರ್ನ್ ಮಾಡಿದ ‘ಕೆ-ಹಾರ್ನೆಟ್’. ಮೂಲ .22 ಹಾರ್ನೆಟ್ ಕಾಡತೂಸಿನ ಹೆಗಲು ಆರು ಡಿಗ್ರಿಗೂ ಕಡಿಮೆ. ಹೆಗಲು ಇದೆಯೋ ಇಲ್ಲವೋ ಎನ್ನುವಂತಿತ್ತು. ಕಿಲ್‌ಬರ್ನ್ ಅದನ್ನು 35 ಡಿಗ್ರಿಗೆ ಎತ್ತಿದ.

ಇದಕ್ಕೆ ಸುತ್ತಿಗೆ ಬೇಕಿಲ್ಲ, ಬೆಂಕಿಯೇ ಕಮ್ಮಾರ. ಚೇಂಬರಿನ ಗೋಡೆಯನ್ನು ಹೊಸ ಆಕಾರಕ್ಕೆ ಕೊರೆದು, ಅದರಲ್ಲಿ ಅಂಗಡಿಯ ಮಾಮೂಲು ಕಾಡತೂಸನ್ನೇ ಹಾರಿಸುತ್ತಾರೆ. ಸ್ಫೋಟದ ಒತ್ತಡಕ್ಕೆ ಹಿತ್ತಾಳೆ ಉಬ್ಬಿ, ಅಚ್ಚಿನಲ್ಲಿ ಎರೆದಂತೆ, ಚೇಂಬರಿನ ಆಕಾರವನ್ನೇ ಪಡೆದು ಹೊರಬರುತ್ತದೆ. ಇಂಥವುಗಳಿಗೆ ‘ಇಂಪ್ರೂವ್ಡ್’, ಅಂದರೆ ಸುಧಾರಿಸಿದವು, ಎಂದು ಹೆಸರು. ಕಾಡಿನ ನಡುವೆ ತನ್ನ ವಿಶೇಷ ಕಾಡತೂಸು ಮುಗಿದರೂ ಹಳ್ಳಿಯ ಅಂಗಡಿಯ ಕಾಡತೂಸು ಕೊಂಡು ಬೇಟೆ ಮುಂದುವರಿಸಬಹುದು ಎಂಬುದು ಇದರ ದೊಡ್ಡ ಅನುಕೂಲ. ಆದರೆ ಹಳೆಯ ಕಾಡತೂಸು ಹೊಸ ಗೂಡಿನಲ್ಲಿ ಸಡಿಲವಾಗಬಾರದಲ್ಲ? ಅದಕ್ಕಾಗಿ ಚೇಂಬರನ್ನು ಮಾಮೂಲಿಗಿಂತ ಇಂಚಿನ ಸಾವಿರದ ನಾಲ್ಕು ಅಂಶದಷ್ಟು ಗಿಡ್ಡವಾಗಿ ಇಡುತ್ತಾರೆ. ಕುತ್ತಿಗೆಯೂ ಹೆಗಲೂ ಕೂಡುವ ಜಾಗದಲ್ಲಿ ಕವಚ ಬಿಗಿಯಾಗಿ ಕಚ್ಚಿ ನಿಲ್ಲುತ್ತದೆ. ಈ ಸೂಕ್ಷ್ಮವನ್ನು ಅರಿಯದೆ ಚೇಂಬರು ಕೊರೆದವರು ಕವಚಗಳನ್ನು ಹರಿದುಕೊಂಡರು. ಇನ್ನೊಂದು ಮಾತು. ಬಡಿದಷ್ಟೂ ಹಿಗ್ಗಿದಷ್ಟೂ ಹಿತ್ತಾಳೆ ಪೆಡಸಾಗಿ ಬಿರಿಯುತ್ತದೆ. ಪುಣೆಯ ತಾಂಬಟ್ ಆಳಿಯಲ್ಲಿ ತಾಮ್ರದ ಕೆಲಸಗಾರರು ಹಂಡೆ ಬಡಿಯುವುದನ್ನು ಕಂಡವರಿಗೆ, ನಡುನಡುವೆ ಕಾಯಿಸಿ ಮೆದು ಮಾಡುವ ಗುಟ್ಟು ಗೊತ್ತಿರುತ್ತದೆ. ಅಮೆರಿಕದ ಹವ್ಯಾಸಿಗಳೂ ಕವಚದ ಕುತ್ತಿಗೆಗೆ ಇದನ್ನೇ ಮಾಡಿದರು.

ಆಕ್ಲಿ ಎಂಬ ಪರೀಕ್ಷಕ

ಈ ಚರಿತ್ರೆಯ ನಾಯಕನೆಂದರೆ ಪಾರ್ಕರ್ ಓಟೊ ಆಕ್ಲಿ. 1903ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದ ಈತ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಕೃಷಿ ಪದವೀಧರ. 1936ರಲ್ಲಿ ಒರೆಗಾನ್ ರಾಜ್ಯದ ರೋಸ್‌ಬರ್ಗಿನಲ್ಲಿ ಒಂದು ಕೋವಿ ಅಂಗಡಿ ಕೊಂಡು ಈ ಕಸುಬಿಗೆ ಇಳಿದ. ಎರಡನೆಯ ಮಹಾಯುದ್ಧದ ನಂತರ ಕೊಲರಾಡೋ ರಾಜ್ಯದ ಟ್ರಿನಿಡಾಡ್ ಊರಿನ ಕಾಲೇಜಿನಲ್ಲಿ ಕೋವಿ ಕೆಲಸ ಕಲಿಸಿದ. ಆಕ್ಲಿಯ ‘ಸುಧಾರಿತ’ ಕವಚಗಳಲ್ಲಿ ಹೆಸರಾದವುಗಳ ಗುರುತೆಂದರೆ 40 ಡಿಗ್ರಿಯ ಹೆಗಲು ಮತ್ತು ಬಹುಮಟ್ಟಿಗೆ ನೆಟ್ಟಗಿರುವ ಒಡಲು. ಇದರಿಂದ ಮದ್ದಿಗೆ ಜಾಗ ಹೆಚ್ಚುತ್ತದೆ. ಹಾರಿಸಿದಾಗಲೆಲ್ಲ ಹಿತ್ತಾಳೆ ಕುತ್ತಿಗೆಯತ್ತ ಹರಿದು ಉದ್ದವಾಗುವುದು ಕಡಿಮೆಯಾಗುತ್ತದೆ. ಕವಚ ಚೇಂಬರಿನ ಗೋಡೆಯನ್ನು ಚೆನ್ನಾಗಿ ಹಿಡಿದು ಬೋಲ್ಟಿನ ಮೇಲಿನ ಹೊರೆ ಇಳಿಯುತ್ತದೆ — ಇವು ಆತನ ಪಕ್ಷದ ವಾದಗಳು.

ಆಕ್ಲಿಯಲ್ಲಿ ನಮಗೆ ಮೆಚ್ಚುಗೆಯಾದದ್ದು ವಾದಕ್ಕಿಂತ ಪರೀಕ್ಷೆ. ಹಿತ್ತಾಳೆ ಗೋಡೆಯನ್ನು ಹಿಡಿಯುತ್ತದೆಯೆಂಬುದನ್ನು ತೋರಿಸಲು .30-30 ವಿಂಚೆಸ್ಟರ್ ರೈಫಲ್ಲೊಂದರ ಚೇಂಬರನ್ನು ಸುಧಾರಿತ ಆಕಾರಕ್ಕೆ ಕೊರೆದು, ಬೋಲ್ಟನ್ನು ಹಿಡಿದಿಡುವ ತಾಳನ್ನೇ ತೆಗೆದುಹಾಕಿ ಗುಂಡು ಹಾರಿಸಿದ. ಕವಚ ಹಿಂದಕ್ಕೆ ಹಾರಲಿಲ್ಲ. ಹಳೆಯ ಸೈನಿಕ ರೈಫಲ್‌ಗಳ ತಾಳಿಕೆ ಎಷ್ಟೆಂದು ತಿಳಿಯಲು ಅವನ್ನು ಒಡೆಯುವವರೆಗೂ ಮದ್ದು ಹೆಚ್ಚಿಸುತ್ತಾ ಹೋದ. ಹಲವರು ಹೀಗಳೆಯುತ್ತಿದ್ದ ಜಪಾನಿನ ಅರಿಸಾಕಾ ಎಲ್ಲಕ್ಕಿಂತ ಗಟ್ಟಿಯೆಂದು ಕಂಡುಬಂತು. ಇದನ್ನೆಲ್ಲ 1962ರಲ್ಲಿಯೂ 1966ರಲ್ಲಿಯೂ ಎರಡು ಸಂಪುಟಗಳಾಗಿ ಪ್ರಕಟಿಸಿದ. ಇವು ಅನುಭವಿ ಪರೀಕ್ಷಕನ ಕೆಲಸಗಳೇ ಹೊರತು ಅನುಕರಣೆಗಲ್ಲ. ಹಿತ್ತಾಳೆಯ ಹಿಡಿತಕ್ಕೂ ಒಂದು ಮಿತಿಯಿದೆ. ಗೋಡೆಗೆ ಎಣ್ಣೆ ತಗುಲಿದ್ದರೆ ಆ ಹಿಡಿತ ಜಾರುತ್ತದೆ. ಒತ್ತಡ ಮೀರಿದರೆ ಹಿತ್ತಾಳೆಯೇ ಸೋಲುತ್ತದೆ, ಹೊರೆಯೆಲ್ಲ ಬೋಲ್ಟಿನ ಮೇಲೆಯೇ ಬೀಳುತ್ತದೆ.

ಲೆಕ್ಕ ಏನು ಹೇಳುತ್ತದೆ?

ಹೆಗಲು ಎತ್ತಿದರೆ ಗುಂಡಿನ ವೇಗ ಎಷ್ಟು ಹೆಚ್ಚುತ್ತದೆ? ಇಲ್ಲಿಯೇ ಜಗಳದ ಬೇರು ಇರುವುದು. ಬಲ್ಲವರು ಬಳಸುವ ಒಂದು ಸ್ಥೂಲ ಲೆಕ್ಕವಿದೆ: ಒತ್ತಡ ಅಷ್ಟೇ ಇದ್ದರೆ, ಕವಚದೊಳಗಿನ ಜಾಗ ನೂರಕ್ಕೆ ನಾಲ್ಕು ಹೆಚ್ಚಿದಾಗ ವೇಗ ನೂರಕ್ಕೆ ಒಂದು ಮಾತ್ರ ಹೆಚ್ಚುತ್ತದೆ. ಜಾಗ ನೂರಕ್ಕೆ ಎಂಟು ಹೆಚ್ಚಿಸಿದಿರೆನ್ನಿ. ಸೆಕೆಂಡಿಗೆ 2,800 ಅಡಿ ಹೋಗುತ್ತಿದ್ದ ಗುಂಡು 2,856 ಅಡಿ ಹೋಗುತ್ತದೆ. ಹೊಸ ಚೇಂಬರು, ಹೊಸ ಅಚ್ಚು, ಉಬ್ಬಿಸಲು ಹಾರಿಸಿದ ನೂರಾರು ಕಾಡತೂಸು, ಕಳೆದ ಭಾನುವಾರಗಳು, ಇಷ್ಟೆಲ್ಲದರ ಪ್ರತಿಫಲ 56 ಅಡಿ. ಇದನ್ನು ಯಾವ ಜಿಂಕೆಯೂ ಗುರುತಿಸಲಾರದು.

ಹಾಗಾದರೆ ಹಿಂದಿನ ಹವ್ಯಾಸಿಗಳು ನೂರಿನ್ನೂರು ಅಡಿ ಹೆಚ್ಚು ಬಂತೆಂದು ಹೇಳಿದ್ದು ಸುಳ್ಳೇ? ಸುಳ್ಳಲ್ಲ, ಆದರೆ ಅರ್ಧ ಸತ್ಯ. ಗುಂಡಿನ ವೇಗವನ್ನು ಅಳೆಯುವ ಯಂತ್ರ 19ನೆಯ ಶತಮಾನದಲ್ಲಿಯೇ ಬಂದಿದ್ದರೂ ಅದು ಇದ್ದದ್ದು ಸರ್ಕಾರದ, ಕಾರ್ಖಾನೆಗಳ ಪ್ರಯೋಗಶಾಲೆಗಳಲ್ಲಿ. ಒತ್ತಡವನ್ನು ಅಳೆಯುವ ಸಾಧನವಂತೂ ಮನೆಯ ಕೊಟ್ಟಿಗೆಗೆ ಎಟುಕುವಂತಿರಲಿಲ್ಲ. ಕವಚ ಸಲೀಸಾಗಿ ಹೊರಬಂದರೆ ಒತ್ತಡ ಸರಿಯಾಗಿದೆ ಎಂಬುದೇ ಅವರ ಅಳತೆ. ನೆಟ್ಟಗಿನ ಒಡಲು, ಎತ್ತಿದ ಹೆಗಲು ಗೋಡೆಯನ್ನು ಹಿಡಿದು ಒತ್ತಡದ ಗುರುತುಗಳನ್ನು ಮುಚ್ಚಿಡುತ್ತವೆ. ಹೀಗಾಗಿ ಅವರಿಗೆ ತಿಳಿಯದೆಯೇ ಮದ್ದು ಹೆಚ್ಚುತ್ತಿತ್ತು. ವೇಗ ಬಂದದ್ದು ನಿಜ. ಅದರಲ್ಲಿ ಹೆಗಲಿನ ಪಾಲು ಕಡಿಮೆ, ಏರಿದ ಒತ್ತಡದ ಪಾಲು ಹೆಚ್ಚು. .257 ರಾಬರ್ಟ್ಸ್ ಇದಕ್ಕೆ ಒಳ್ಳೆಯ ನಿದರ್ಶನ. ಹಳೆಯ ಮೌಸರ್ ಕೋವಿಗಳ ಭಯದಿಂದ ಕಾರ್ಖಾನೆಗಳು ಅದನ್ನು ಮಂದ ಒತ್ತಡದಲ್ಲಿಯೇ ಇಟ್ಟಿದ್ದವು. ಗಟ್ಟಿ ರೈಫಲ್ಲಿನಲ್ಲಿ ಒತ್ತಡ ಏರಿಸಿದರೆ ಹೆಗಲು ತಿದ್ದದೆಯೂ ಅದು ಸುಧಾರಿಸುತ್ತಿತ್ತು!

ಬರಿಯ ದೊಡ್ಡ ಒಡಲಿನಿಂದ ಪವಾಡ ನಡೆಯದೆಂಬುದನ್ನು ಆಕ್ಲಿಯೇ ಹೇಳುತ್ತಿದ್ದ. ನಳಿಗೆಯ ಬೋರಿಗೆ ಮೀರಿದ ಮದ್ದು ತುಂಬಿದರೆ ವೇಗಕ್ಕಿಂತ ನಳಿಗೆಯ ಸವೆತವೇ ಹೆಚ್ಚು. ಇದರ ವಿನೋದದ ತುತ್ತತುದಿಯೆಂದರೆ ಆತನೇ ಮಾಡಿದ ‘.22 ಇಯರ್‌ಗೆಸ್ಪ್ಲಿಟನ್ ಲೌಡನ್‌ಬೂಮರ್’. ಕಿವಿ ಹರಿಯುವ ಸದ್ದಿನದು ಎಂದು ಜರ್ಮನ್ ಧಾಟಿಯಲ್ಲಿ ಕಟ್ಟಿದ ತಮಾಷೆಯ ಹೆಸರು. ಆನೆ ಬೇಟೆಗೆ ತಕ್ಕ .378 ವೆದರ್‌ಬಿ ಕವಚಕ್ಕೆ .22ರ ಬಾಯಿ! ಸೆಕೆಂಡಿಗೆ 5,000 ಅಡಿ ಮುಟ್ಟುವುದು ಗುರಿ. ಮುಟ್ಟಿದ್ದು ಸುಮಾರು 4,600. ಹಂಡೆಯಷ್ಟು ನೀರನ್ನು ಸೂಜಿಯ ಕಣ್ಣಲ್ಲಿ ಸುರಿಯಹೋದರೆ ಆಗುವುದು ಇಷ್ಟೇ.

ಹೆಗಲು ನಿಜವಾಗಿ ಕೊಟ್ಟದ್ದು

ಹಾಗೆಂದು ಎಲ್ಲ ವ್ಯರ್ಥವೆನ್ನುವುದೂ ಅನ್ಯಾಯ. ಕವಚದ ಆಯುಸ್ಸಿನ ವಿಷಯದಲ್ಲಿ ಆಕ್ಲಿಯ ಮಾತು ಬಹುಮಟ್ಟಿಗೆ ನಿಂತಿದೆ. ಎತ್ತಿದ ಹೆಗಲಿನ, ನೆಟ್ಟಗಿನ ಒಡಲಿನ ಕವಚ ಕಡಿಮೆ ಉದ್ದವಾಗುತ್ತದೆ. ಕುತ್ತಿಗೆಯನ್ನು ಪದೇ ಪದೇ ಕತ್ತರಿಸಬೇಕಾಗಿಲ್ಲ. ಒಂದೇ ಕವಚವನ್ನು ಹೆಚ್ಚು ಸಲ ತುಂಬಬಹುದು. ಮೊನಚಾದ ಹೆಗಲು ಚೇಂಬರಿನಲ್ಲಿ ಪ್ರತಿಸಲವೂ ಒಂದೇ ಜಾಗದಲ್ಲಿ ಕೂಡುತ್ತದೆ. ಇದರ ಪ್ರಯೋಜನ ಕಂಡದ್ದು ವೇಗದಲ್ಲಲ್ಲ, ಗುರಿಯಲ್ಲಿ. 1975ರ ಸುಮಾರಿಗೆ ವೈದ್ಯ ಲೂ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ಎಂಬಿಬ್ಬರು .220 ರಷ್ಯನ್ ಎಂಬ ಪುಟ್ಟ ಕವಚವನ್ನು ಉಬ್ಬಿಸಿ, 30 ಡಿಗ್ರಿ ಹೆಗಲು ಕೊಟ್ಟು, ಗಿಡ್ಡನೆಯ ದಪ್ಪನೆಯ ‘ಪಿ.ಪಿ.ಸಿ.’ ಕಾಡತೂಸು ಮಾಡಿದರು. ಮೇಜಿನ ಮೇಲೆ ರೈಫಲ್ ಇಟ್ಟು ಒಂದೇ ತೂತಿನಲ್ಲಿ ಐದು ಗುಂಡು ಕೂರಿಸುವ ಸ್ಪರ್ಧೆಗಳಲ್ಲಿ ಅದು ದೀರ್ಘಕಾಲ ಅರಸನಾಗಿ ಮೆರೆಯಿತು.

ನಷ್ಟದ ಬಾಬೂ ಉಂಟು. ಹೂಜಿಯಂಥ ಕಾಡತೂಸು ಮ್ಯಾಗಜೀನಿನಿಂದ ಚೇಂಬರಿಗೆ ತಾನೇ ಜಾರಿಕೊಂಡು ಹೋಗುತ್ತದೆ. ಕೊಡದಂಥದ್ದು ಅಂಚಿಗೆ ಬಡಿದು ತಡೆಯುವ ಸಂಭವ ಹೆಚ್ಚು. ಗುರಿಸ್ಪರ್ಧೆಯ ಮೇಜಿನ ಮುಂದೆ ಇದು ಸಣ್ಣ ತೊಂದರೆ. ಹುಲಿಯ ಮುಂದೆ ಸಣ್ಣದಲ್ಲ. ಇಂಗ್ಲಿಷರ ಇಳಿಜಾರು ಹೆಗಲು ಅಜ್ಞಾನದ ಫಲವಲ್ಲ, ಅದು ಬೇರೆ ಅಗತ್ಯದ ಫಲ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಕಾಲಕ್ರಮದಲ್ಲಿ ಕಾರ್ಖಾನೆಗಳೇ ಹವ್ಯಾಸಿಗಳ ದಾರಿಗೆ ಬಂದವು. 1915ರ .250 ಸ್ಯಾವೇಜ್ ಕವಚದಿಂದ 1930ರ ದಶಕದಲ್ಲಿ ಹುಟ್ಟಿದ .22-250 ಕಾಡುಬೆಕ್ಕು 1965ರಲ್ಲಿ ರೆಮಿಂಗ್ಟನ್ನಿನ ಪಟ್ಟಿಗೆ ಸೇರಿತು. 2001ರಲ್ಲಿ ಬಂದ ವಿಂಚೆಸ್ಟರಿನ ಗಿಡ್ಡ ಮ್ಯಾಗ್ನಂ .300ರ ಹೆಗಲು 35 ಡಿಗ್ರಿ. 2007ರಲ್ಲಿ ಬಂದ 6.5 ಕ್ರೀಡ್‌ಮೂರಿನದು 30 ಡಿಗ್ರಿ. ಅದೇ 2007ರಲ್ಲಿ ನೋಸ್ಲರ್ ಸಂಸ್ಥೆಯ ಪ್ರಯತ್ನದಿಂದ .280 ಆಕ್ಲಿ ಇಂಪ್ರೂವ್ಡ್‌ಗೆ ಅಮೆರಿಕದ ಮಾನಕ ಸಂಸ್ಥೆಯ ಮನ್ನಣೆ ದೊರೆಯಿತು. ಅದನ್ನು ಕಾಣಲು ಆಕ್ಲಿ ಇರಲಿಲ್ಲ, 1989ರಲ್ಲಿಯೇ ತೀರಿಕೊಂಡಿದ್ದ. ಆ ಮನ್ನಣೆಯ ಪತ್ರದಲ್ಲಿಯೂ ಒಂದು ಪಾಠವಿದೆ. ಮೂಲ .280 ರೆಮಿಂಗ್ಟನ್ನಿಗೆ ಒಪ್ಪಿದ ಗರಿಷ್ಠ ಒತ್ತಡ ಚದರ ಇಂಚಿಗೆ 60,000 ಪೌಂಡು; ಸುಧಾರಿತಕ್ಕೆ 65,000. ಸುಧಾರಣೆಯಲ್ಲಿ ಹೆಗಲಿನ ಪಾಲಿನ ಜೊತೆಗೆ ಒತ್ತಡದ ಪಾಲೂ ಇದೆಯೆಂಬುದನ್ನು ಈ ಎರಡು ಅಂಕಿಗಳೇ ಒಪ್ಪಿಕೊಳ್ಳುತ್ತವೆ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಆ ಬೇಟೆಯ ಯುಗ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ. ಆದರೂ ಈ ಹೆಗಲಿನ ಚರಿತ್ರೆ ನಮ್ಮ ಮಕ್ಕಳಿಗೆ ಹೇಳಲು ತಕ್ಕದ್ದೆಂದು ನಮಗೆ ತೋರುತ್ತದೆ. ಒಂದು ವಸ್ತುವನ್ನು ತಿದ್ದಿ ಉತ್ತಮಪಡಿಸಬೇಕೆಂಬ ಹಂಬಲ ಮನುಷ್ಯನಿಗೆ ಸಹಜ. ತಿದ್ದಿದ ಮೇಲೆ ಉತ್ತಮವಾಗಿಯೇ ಇದೆಯೆಂದು ಕಾಣುವುದೂ ಅಷ್ಟೇ ಸಹಜ. ಬಂದ ಲಾಭ ಎಲ್ಲಿಂದ ಬಂತು, ಅದರ ಬೆಲೆಯನ್ನು ಯಾವ ಭಾಗ ತೆತ್ತಿತು ಎಂದು ಅಳೆದು ನೋಡುವುದು ಮಾತ್ರ ಕಷ್ಟದ ಕೆಲಸ. ಆಕ್ಲಿ ಅದನ್ನು ಮಾಡಿದ್ದರಿಂದಲೇ ಆತನ ಹೆಸರು ಉಳಿಯಿತು.

ಇನ್ನು ಆಂಡರ್ಸನ್ನರ .405? 1904ರಲ್ಲಿ ಹುಟ್ಟಿದ ಆ ಕವಚಕ್ಕೆ ತಿದ್ದಲು ಹೆಗಲೇ ಇರಲಿಲ್ಲ. ಆದರೂ ಅದು ತನ್ನ ಒಡೆಯನ ಕೈಬಿಡಲಿಲ್ಲ. ಹುಡುಗರು ಮತ್ತೆ ಕೇಳಿದರೆ ನಾವು ಇದನ್ನೂ ಸೇರಿಸಿ ಹೇಳಬೇಕೆಂದಿದ್ದೇವೆ.